ದೇವರ ಮುಂದೆ ಕ್ಷಮೆ ಕೇಳಿದ್ದಾಯ್ತು. ಆ ಹುಡುಗನ ಮುಂದೆ?

ತಡವಾಗಿ ಬಂದವನು

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿ ಒಂದು ಲೆಕ್ಕ ತಪ್ಪಿತು. ವರ್ಷದ ಕೊನೆಯ ಶೀಟ್ ಅದು. ಆ ಅಂಕಿ ಹಾಕಿದವನು ನಾನು. ಹಳೇ ಫೈಲಿನಿಂದ ಎತ್ತಿ ಹಾಕಿದ್ದೆ, ಹೊಸದರ ಜೊತೆ ತಾಳೆ ನೋಡಲಿಲ್ಲ. ಆದರೆ ಶೀಟನ್ನು ಮೇಲಕ್ಕೆ ಕಳಿಸಿದ್ದು ನನ್ನ ಕೈಕೆಳಗಿದ್ದ ಹುಡುಗ. ಮೇಲ್‌ನಲ್ಲಿ ಅವನ ಹೆಸರು ಇತ್ತು, ಹಾಗಾಗಿ ತಪ್ಪೂ ಅವನದೇ ಅಂತ ಆಯಿತು. ಮೀಟಿಂಗ್‌ನಲ್ಲಿ ಅವನು ಒಂದೇ ಒಂದು ಸಲ ನನ್ನ ಕಡೆ ನೋಡಿದ. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದೆ. ಬಿಗಿ ಮಾಡುವುದು, ಸಡಿಲ ಮಾಡುವುದು. ಬಾಯಿ ಬಿಡಲಿಲ್ಲ. ಅವನಿಗೆ ಬರಬೇಕಿದ್ದ ಬಡ್ತಿ ನಿಂತುಹೋಯಿತು. ನಾಲ್ಕು ತಿಂಗಳ ಮೇಲೆ ಅವನು ಕೆಲಸ ಬಿಟ್ಟು ಹೋದ.

ಆ ಮೀಟಿಂಗ್ ನಡೆದ ವಾರವೇ ನಮ್ಮ ಮನೆಕೂಟದಲ್ಲಿ ಬೈಬಲಿನ ಯಾಕೋಬನ ಪತ್ರಿಕೆಯ ಪಾಠ ಹೇಳುವ ಸರದಿ ನನ್ನದು. ಎರಡನೇ ಅಧ್ಯಾಯ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ನಾನೇ ವಿವರಿಸಿ ಹೇಳಿದೆ. ಚೆನ್ನಾಗಿತ್ತು ಅಂತ ಎಲ್ಲರೂ ಅಂದರು.

ದೇವರ ಹತ್ತಿರ ಅತ್ತು ಕ್ಷಮೆ ಕೇಳಿದ್ದೇನೆ. ಒಂದು ಸಲ ಅಲ್ಲ, ಎಷ್ಟೋ ಸಲ. ಕ್ಷಮೆ ಸಿಕ್ಕಿದೆ ಅಂತ ನಂಬುತ್ತೇನೆ. ಆದರೂ ಪ್ರಾರ್ಥನೆಗೆ ಮೊಣಕಾಲೂರಿದಾಗೆಲ್ಲ ಆ ಮುಚ್ಚಳದ ಶಬ್ದ ಕಿವಿಗೆ ಬರುತ್ತದೆ. ಕೂಟದ ಒಬ್ಬ ಹಿರಿಯರಿಗೆ ಮಾತ್ರ ಹೇಳಿಕೊಂಡೆ. "ದೇವರು ಮುಚ್ಚಿದ್ದನ್ನು ನೀನು ಅಗೆಯಬೇಡ" ಅಂದರು. ಅದು ಸರೀನಾ? ಆ ಹುಡುಗನಿಗೆ ಈಗ ಹೇಳಿದರೆ ದೇವರ ಕ್ಷಮೆಯನ್ನು ನಂಬದೆ ನಾನೇ ಏನೋ ಕೂಡಿಸಿದ ಹಾಗೆ ಆಗುತ್ತದಾ?

ಕೃಪೆಯೊಂದೇ

ಬ್ರದರ್, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಒಂದು ವಿಷಯದಲ್ಲಿ ಹುಷಾರಾಗಿರಿ. ಎಫೆಸ 2:8-9 ಸ್ಪಷ್ಟವಾಗಿದೆ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಅದು ದೇವರ ವರ, ನಮ್ಮ ಕ್ರಿಯೆಗಳಿಂದ ಬಂದದ್ದಲ್ಲ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ ಯಾರಿಗೂ ಏನನ್ನೂ ವಾಪಸ್ ಕೊಡಲಿಲ್ಲ. ಕೊಡೋಕೆ ಅವನ ಕೈಗಳೂ ಬಿಡುವಾಗಿರಲಿಲ್ಲ. "ಇಂದೇ ನನ್ನ ಸಂಗಡ ಇರುವಿ" ಅನ್ನುವ ಮಾತು ಅವನಿಗೆ ಸಿಕ್ಕಿತು.

ನಾನು ಬೆಳೆದ ಮನೆಯಲ್ಲಿ ಪ್ರತಿಯೊಂದಕ್ಕೂ ಲೆಕ್ಕ. ಇಷ್ಟು ಪ್ರಾರ್ಥನೆ, ಇಷ್ಟು ಉಪವಾಸ, ಇಷ್ಟು ಸೇವೆ. ಆದರೂ ದೇವರಿಗೆ ಸಾಕಾಗಿದೆಯಾ ಅನ್ನುವ ಭಯ ಹೋಗುತ್ತಲೇ ಇರಲಿಲ್ಲ. ಕೃಪೆ ಅಂದರೇನು ಅಂತ ಗೊತ್ತಾಗೋಕೆ ನನಗೆ ಮೂವತ್ತು ವರ್ಷ ಹಿಡಿಯಿತು. ಮತ್ತೆ ಆ ನೊಗಕ್ಕೆ ಯಾರೂ ಕೊರಳು ಕೊಡಬಾರದು ಅನ್ನುವುದಷ್ಟೇ ನನ್ನ ಕಾಳಜಿ.

ಹಿಂದಿನ ಬೆಂಚು

ಕಳ್ಳನಿಗೆ ಶಿಲುಬೆಯಿಂದ ಇಳಿಯೋಕೆ ಆಗಲಿಲ್ಲ. ನಮಗೆ ಫೋನ್ ಎತ್ತೋಕೆ ಆಗುತ್ತದೆ.

ನಿವೃತ್ತ ಮೇಷ್ಟ್ರು

ಕೃಪೆಯೊಂದೇ ಅವರೇ, ನಿಮ್ಮ ಭಯವನ್ನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರನಿಗೂ ಅದೇ ಭಯ ಇತ್ತು. 1522ರ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಅವನು ಯಾಕೋಬನ ಪತ್ರಿಕೆಯನ್ನು ಒಣಹುಲ್ಲಿನ ಪತ್ರಿಕೆ ಅಂದುಬಿಟ್ಟ. ಆದರೆ ಅದೇ ಅನುವಾದದಲ್ಲಿ ರೋಮಾಪುರದವರ ಪತ್ರಿಕೆಗೆ ಬರೆದ ಮುನ್ನುಡಿ ಓದಿ. ನಂಬಿಕೆ ಜೀವಂತವಾದದ್ದು, ಒಳ್ಳೆಯದನ್ನು ಮಾಡದೆ ಸುಮ್ಮನಿರೋಕೆ ಅದಕ್ಕೆ ಆಗುವುದೇ ಇಲ್ಲ ಅನ್ನುತ್ತಾನೆ. ಹಾಗಾದರೆ ಯಾಕೋಬ ಹೇಳಿದ್ದನ್ನೇ ಅಲ್ವಾ ಅವನೂ ಹೇಳಿದ್ದು?

ಎಫೆಸ 2ನ್ನು ಒಂಬತ್ತನೇ ವಚನಕ್ಕೆ ನಿಲ್ಲಿಸಬೇಡಿ. ಹತ್ತನೆಯದನ್ನೂ ಓದಿ. ಸತ್ಕ್ರಿಯೆಗಳಿಗಾಗಿ ನಾವು ಕ್ರಿಸ್ತನಲ್ಲಿ ಸೃಷ್ಟಿಯಾದೆವು, ಆ ಕ್ರಿಯೆಗಳನ್ನು ದೇವರೇ ಮೊದಲೇ ಸಿದ್ಧ ಮಾಡಿ ಇಟ್ಟಿದ್ದಾನೆ. ಅಂದರೆ ಕ್ರಿಯೆ ರಕ್ಷಣೆಗೆ ಕೊಡುವ ಬೆಲೆ ಅಲ್ಲ. ರಕ್ಷಣೆ ಸಿಕ್ಕವನಿಗೆ ಮುಂದೆ ಕಾದಿರುವ ಕೆಲಸ.

ಪೌಲ ಮತ್ತು ಯಾಕೋಬ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಪೌಲ ರೋಮಾ 4ರಲ್ಲಿ ಆದಿಕಾಂಡ 15ನ್ನು ಹಿಡಿಯುತ್ತಾನೆ. ಅಬ್ರಹಾಮ ನಂಬಿದ, ಅದು ಅವನ ಲೆಕ್ಕಕ್ಕೆ ನೀತಿ ಅಂತ ಜಮಾ ಆಯಿತು. ಯಾಕೋಬ ಆದಿಕಾಂಡ 22ಕ್ಕೆ ಹೋಗುತ್ತಾನೆ, ಮಗ ಇಸಾಕನನ್ನು ಬಲಿ ಕೊಡೋಕೆ ಬೆಟ್ಟಕ್ಕೆ ಕರೆದುಕೊಂಡು ಹೋದ ದಿನಕ್ಕೆ. ಈ ಎರಡರ ನಡುವೆ ಎಷ್ಟು ವರ್ಷ ಅಂತ ಯಾವಾಗಲಾದರೂ ನೋಡಿದ್ದೀರಾ? ಮೊದಲ ಮಗ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86. ಇಸಾಕ ಹುಟ್ಟಿದಾಗ 100. ಹದಿನೈದನೇ ಅಧ್ಯಾಯ ಇಷ್ಮಾಯೇಲನಿಗಿಂತ ಮುಂಚೆ. ಬೆಟ್ಟದ ದಿನ ಇಸಾಕ ಸೌದೆ ಹೊರುವಷ್ಟು ದೊಡ್ಡವನು. ನಂಬಿದ ರಾತ್ರಿಗೂ ಆ ಬೆಳಗಿಗೂ ಹದಿನಾಲ್ಕು ವರ್ಷಕ್ಕಿಂತ ಜಾಸ್ತಿ. ಪೌಲ ಬಾಗಿಲಿನ ಬಗ್ಗೆ ಮಾತಾಡುತ್ತಿದ್ದಾನೆ, ಒಳಗೆ ಬಂದದ್ದು ಹೇಗೆ ಅಂತ. ಬಂದು ಇಷ್ಟು ವರ್ಷ ಆಯಿತಲ್ಲ, ಈಗ ಏನು ಮಾಡುತ್ತಿದ್ದೀಯ ಅಂತ ಕೇಳುವವನು ಯಾಕೋಬ.

ಇನ್ನೊಂದು ಮಾತು. ಇದನ್ನು ನಾನು ಮಕ್ಕಳಿಗೆ ಪಾಠ ಮಾಡುವಾಗ ಕಂಡುಕೊಂಡೆ. ನಮ್ಮ ಕನ್ನಡದಲ್ಲಿ "ಈ ಮಗು ಮಾತು ಕೇಳುವುದಿಲ್ಲ" ಅನ್ನುತ್ತೇವೆ. ಕಿವಿ ಮಂದ ಅಂತ ಅದರ ಅರ್ಥ ಅಲ್ಲ. ಹೇಳಿದ್ದನ್ನು ಮಾಡುವುದಿಲ್ಲ ಅಂತ. ನಮಗೆ ಕೇಳುವುದೂ ನಡೆಯುವುದೂ ಒಂದೇ ಮಾತಿನಲ್ಲಿ ಇದೆ. ಹೀಬ್ರೂ ಭಾಷೆಯಲ್ಲೂ ಹಾಗೇ. "ಇಸ್ರಾಯೇಲೇ ಕೇಳು" ಅಂತ ಧರ್ಮೋಪದೇಶಕಾಂಡ 6:4ರಲ್ಲಿ ಬರುವ "ಶಮಾ" ಅನ್ನುವ ಧಾತುವೇ 1 ಸಮುವೇಲ 15:22ರಲ್ಲಿ ಬರುತ್ತದೆ, ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ ಅನ್ನುವ ಕಡೆ. ಗ್ರೀಕಿನಲ್ಲಿ "ಅಕೊಎ" ಅಂದರೆ ಕೇಳುವುದು, "ಹುಪಕೊಎ" ಅಂದರೆ ವಿಧೇಯತೆ. ಪೌಲ ರೋಮಾ ಪತ್ರಿಕೆಯ ಶುರುವಿನಲ್ಲೂ ಕೊನೆಯಲ್ಲೂ, 1:5 ಮತ್ತು 16:26ರಲ್ಲಿ, ನಂಬಿಕೆಯನ್ನೂ ಈ ಹುಪಕೊಎಯನ್ನೂ ಜೊತೆಗೇ ಇಡುತ್ತಾನೆ. ಕೃಪೆಯ ಪತ್ರಿಕೆ ಅಂತ ನಾವು ಹೇಳುವ ಪತ್ರಿಕೆಯ ಎರಡೂ ತುದಿಯಲ್ಲಿ ಅದು ಇದೆ.

ತಡವಾಗಿ ಬಂದವರೇ, ನೀವು ಈ ಎರಡು ವರ್ಷ ದೇವರಿಗೆ ಹೇಳುತ್ತಲೇ ಇದ್ದೀರಿ. ಆ ಮುಚ್ಚಳದ ಶಬ್ದದಲ್ಲಿ ಅವನು ಏನಾದರೂ ಹೇಳುತ್ತಿರಬಹುದಾ?

ಲೆಕ್ಕದ ಪುಸ್ತಕ

ನಾನೂ ಲೆಕ್ಕಪತ್ರದ ಕೆಲಸದವನೇ, ಹಾಗಾಗಿ ನೇರವಾಗಿ ಹೇಳುತ್ತೇನೆ.

ಯಾಜಕಕಾಂಡ 6:1-7 ತೆಗೆದು ನೋಡಿ. ನೆರೆಯವನಿಗೆ ಮೋಸ ಮಾಡಿದವನು, ಇಟ್ಟ ಒಡವೆಯ ವಿಷಯದಲ್ಲಿ ಸುಳ್ಳು ಹೇಳಿದವನು, ಸಿಕ್ಕಿದ್ದನ್ನು ಮುಚ್ಚಿಟ್ಟವನು ಏನು ಮಾಡಬೇಕು? ಪೂರ್ತಿ ವಾಪಸ್ ಕೊಡಬೇಕು. ಅದರ ಮೇಲೆ ಐದರಲ್ಲಿ ಒಂದು ಪಾಲು ಕೂಡಿಸಬೇಕು. ಯಾರಿಗೆ ಸೇರಬೇಕೋ ಅವರ ಕೈಗೇ ಕೊಡಬೇಕು. ಯಾವಾಗ? ದೋಷಪರಿಹಾರದ ಯಜ್ಞ ತರುವ ದಿನವೇ. ಅರಣ್ಯಕಾಂಡ 5:7 ಇನ್ನೂ ಒಂದು ಸೇರಿಸುತ್ತದೆ, ಮಾಡಿದ ಪಾಪವನ್ನು ಬಾಯಿಬಿಟ್ಟು ಅರಿಕೆ ಮಾಡಬೇಕು. ಯಜ್ಞವೇದಿಗೆ ಒಂದು ದಾರಿ, ನೆರೆಯವನ ಮನೆಗೆ ಬೇರೆ ದಾರಿ ಅಂತ ಅಲ್ಲಿ ಇಲ್ಲ.

ಯೇಸು ಮತ್ತಾಯ 5:23-24ರಲ್ಲಿ ಅದನ್ನೇ ಹಿಡಿದು ಬಿಗಿ ಮಾಡುತ್ತಾನೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಸಹೋದರನ ಜೊತೆ ಸರಿಮಾಡಿಕೊಂಡು ಬಾ. ಸುಂಕದವನಾಗಿದ್ದ ಜಕ್ಕಾಯನನ್ನು ನೋಡಿ, ಲೂಕ 19. ಯೇಸು ಅವನ ಮನೆಗೆ ಬಂದದ್ದು ಮೊದಲು. ಕೃಪೆ ಮೊದಲು, ಒಪ್ಪಿದೆ. ಆದರೆ ಜಕ್ಕಾಯ ನಿಂತುಕೊಂಡು ಏನು ಹೇಳಿದ? ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ಐದರಲ್ಲಿ ಒಂದು ಪಾಲು ಕೂಡಿಸಿದ್ದರೆ ಸಾಕಿತ್ತು. ನಾಲ್ಕರಷ್ಟು ಅನ್ನುವುದು ವಿಮೋಚನಕಾಂಡ 22ರಲ್ಲಿ ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ಇರುವ ದಂಡ. ಅವನು ತನ್ನನ್ನು ಕಳ್ಳರ ಸಾಲಿನಲ್ಲೇ ನಿಲ್ಲಿಸಿಕೊಂಡ. ಯಾರೂ ಒತ್ತಾಯ ಮಾಡಲಿಲ್ಲ. ಯೇಸು ಆ ಮನೆಯಲ್ಲಿ ಒಂದು ನಿಯಮವನ್ನೂ ಹೇಳಿದ ಹಾಗೆ ಲೂಕ ಬರೆದಿಲ್ಲ.

ನೀವು ದುಡ್ಡು ತೆಗೆದುಕೊಂಡಿಲ್ಲ. ಅವನ ಹೆಸರನ್ನು ತೆಗೆದುಕೊಂಡಿದ್ದೀರಿ. ಅದನ್ನು ವಾಪಸ್ ಕೊಡಬೇಕು.

ಸಾಸಿವೆಕಾಳು

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಉಲ್ಟಾ ಕಷ್ಟ. ಕ್ರಿಯೆ ಇದೆ, ಒಳಗೆ ಏನೂ ಇಲ್ಲ.

ನಮ್ಮ ಅತ್ತೆ ಹಾಸಿಗೆ ಹಿಡಿದು ಆರು ವರ್ಷ. ಮಾತು ಹೋಗಿದೆ. ಮಗ್ಗುಲು ಬದಲಿಸಬೇಕು, ಒರೆಸಬೇಕು, ಬಟ್ಟೆ ಬದಲಿಸಬೇಕು. ಅವರ ಎಡಗೈ ಮಡಚಿಕೊಂಡೇ ಇರುತ್ತದೆ. ತೋಳು ಹಾಕಿಸುವಾಗ ಒಂದೊಂದೇ ಬೆರಳು ಬಿಡಿಸಬೇಕು, ಕಿರುಬೆರಳಿನಿಂದ ಶುರು ಮಾಡಿದರೆ ಸುಲಭ. ಸಭೆಯಲ್ಲಿ ಎಲ್ಲರೂ "ಎಂಥ ಸಾಕ್ಷಿ ನಿಮ್ಮದು" ಅನ್ನುತ್ತಾರೆ. ನನಗೆ ಅಳು ಬರುತ್ತದೆ. ಪ್ರೀತಿಯಿಂದ ಮಾಡುತ್ತಿಲ್ಲ ನಾನು. ಬೆಳಿಗ್ಗೆ ಆಗುತ್ತದೆ, ಮಾಡುತ್ತೇನೆ. ಕೆಲವು ದಿನ ಒಳಗೊಳಗೇ ಕೋಪ. ಇದು ವಿಧೇಯತೆಯಾ, ಬರೀ ಅಭ್ಯಾಸವಾ? ಯಾಕೋಬನ ಪ್ರಕಾರ ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು. ಪ್ರೀತಿ ಇಲ್ಲದ ಕ್ರಿಯೆ ಏನು? ಪ್ರೀತಿ ಇಲ್ಲದಿದ್ದರೆ ಏನು ಮಾಡಿದರೂ ವ್ಯರ್ಥ ಅನ್ನುವ 1 ಕೊರಿಂಥ 13 ಓದೋಕೆ ನನಗೆ ಭಯ.

ರಾತ್ರಿಪಾಳಿ ನರ್ಸ್

ಅಕ್ಕಾ, ನಿಮ್ಮದನ್ನು ಓದಿ ಸುಮ್ಮನಿರೋಕೆ ಆಗಲಿಲ್ಲ.

ಆರು ವರ್ಷ ಹಾಸಿಗೆಯಲ್ಲಿದ್ದಾರೆ ಅಂದಿರಿ. ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ ಹುಣ್ಣು ಇದೆಯಾ? ಇರಲಿಕ್ಕಿಲ್ಲ ಅಂದುಕೊಳ್ಳುತ್ತೇನೆ, ಇದ್ದಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದಿರಿ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ನಾವು ಆಸ್ಪತ್ರೆಯಲ್ಲಿ ಹೇಳುತ್ತೇವೆ. ಪಾಳಿಯ ಮೇಲೆ ಜನ ಇದ್ದೂ ಅದು ಎಷ್ಟೋ ಸಲ ತಪ್ಪಿಹೋಗುತ್ತದೆ. ಕಿರುಬೆರಳಿನಿಂದ ಶುರು ಮಾಡಬೇಕು ಅಂತ ನಿಮಗೆ ಗೊತ್ತಿದೆಯಲ್ಲ ಅಕ್ಕಾ, ಅದು ಪ್ರೀತಿಯ ಕೈಗೆ ಮಾತ್ರ ಗೊತ್ತಾಗುವುದು. ಮನಸ್ಸಿಗೆ ಸುಸ್ತಾಗಿದೆ, ಅಷ್ಟೆ. 1 ಕೊರಿಂಥ 13 ಧೈರ್ಯವಾಗಿ ಓದಿ. ಪ್ರೀತಿ ಅಂದರೆ ಹೀಗೆ ಅನ್ನಿಸುತ್ತದೆ ಅಂತ ಅಲ್ಲಿಲ್ಲ. ಪ್ರೀತಿ ತಾಳಿಕೊಳ್ಳುತ್ತದೆ, ದಯೆ ತೋರಿಸುತ್ತದೆ, ಎಲ್ಲವನ್ನೂ ಸಹಿಸುತ್ತದೆ ಅಂತ ಇದೆ. ಎಲ್ಲಾ ಕೆಲಸಗಳೇ.

ಇನ್ನೊಂದು. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಒಂದು ಭಾಗವನ್ನು ನಾವು ಓದಿ ದಾಟಿಬಿಡುತ್ತೇವೆ. ದಾರಿಯಲ್ಲಿ ಹೊಡೆತ ತಿಂದು ಬಿದ್ದಿದ್ದವನ ಗಾಯಕ್ಕೆ ಅವನು ಎಣ್ಣೆ, ದ್ರಾಕ್ಷಾರಸ ಹಾಕಿದ, ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಒಂದು ರಾತ್ರಿ ನೋಡಿಕೊಂಡ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ನೀನು ನೋಡಿಕೋ, ಹೆಚ್ಚಾದರೆ ಬರುವಾಗ ಕೊಡುತ್ತೇನೆ ಅಂತ ಹೇಳಿ ತನ್ನ ದಾರಿ ಹಿಡಿದ. ಬಿಟ್ಟು ಹೋದ ಅಂತ ಯೇಸು ಬೈಯಲಿಲ್ಲ. ನೀನೂ ಹಾಗೇ ಮಾಡು ಅಂದ. ಇನ್ನೊಬ್ಬರ ಕೈಗೆ ಒಪ್ಪಿಸುವುದೂ ಆ "ಹಾಗೇ"ಯಲ್ಲಿ ಸೇರಿದೆ. ಸಾಕಾಗಿ ಸಾವು ಕೇಳಿದ ಪ್ರವಾದಿ ಎಲೀಯನಿಗೂ ದೇವರು ಮೊದಲು ಕೆಲಸ ಹೇಳಲಿಲ್ಲ. ಮಲಗಿಸಿದ, ಎಬ್ಬಿಸಿ ತಿನ್ನಿಸಿದ, ಮತ್ತೆ ಮಲಗಿಸಿದ.

ನಿಮ್ಮ ಸಭೆಯಲ್ಲಿ "ಎಂಥ ಸಾಕ್ಷಿ" ಅಂದವರಲ್ಲಿ ಇಬ್ಬರನ್ನು ಆರಿಸಿ, ವಾರದಲ್ಲಿ ಒಂದು ಮಧ್ಯಾಹ್ನ ಬಂದು ಕೂರಿ ಅಂತ ಕೇಳಿ. ಅವರಿಗೂ ವಾಕ್ಯದಂತೆ ನಡೆಯೋಕೆ ಒಂದು ಅವಕಾಶ ಬೇಕಲ್ಲ.

ಸಾಸಿವೆಕಾಳು

ಹುಣ್ಣು ಇಲ್ಲ. ಒಂದು ಸಲವೂ ಆಗಿಲ್ಲ.

ಅದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಬಾಗಿಲ ಹತ್ತಿರ

ನಾನು ಈ ಚರ್ಚೆಯಲ್ಲಿ "ವಿಧೇಯತೆ" ಅನ್ನುವ ಪದ ಬಂದಾಗೆಲ್ಲ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟಿದ್ದೇನೆ.

ನಾನಿದ್ದ ಸಭೆಯಲ್ಲಿ ವಿಧೇಯತೆ ಅಂದರೆ ನಾಯಕರ ಮಾತು. ಯಾವ ಕೆಲಸಕ್ಕೆ ಸೇರಬೇಕು, ಯಾರ ಜೊತೆ ಮಾತಾಡಬಾರದು, ಸಂಬಳದಲ್ಲಿ ಎಷ್ಟು ಕೊಡಬೇಕು, ಎಲ್ಲಾ ಅವರೇ. ಯಾಕೆ ಅಂತ ಕೇಳಿದರೆ ದೇವರ ಮಾತು ಮೀರಿದ ರಾಜ ಸೌಲನ ಕಥೆ, ಅದೇ 1 ಸಮುವೇಲ 15. ಹೊರಗೆ ಬಂದು ನಾಲ್ಕು ವರ್ಷ ಆಯಿತು. ಯೇಸುವನ್ನು ಬಿಟ್ಟಿಲ್ಲ. ಆದರೆ ಈ ಪದ ಕೇಳಿದರೆ ಇವತ್ತೂ ಹೊಟ್ಟೆ ಹಿಂಡುತ್ತದೆ. ನೀವೆಲ್ಲ ಮಾತಾಡುತ್ತಿರುವ ವಿಧೇಯತೆಗೂ ಅದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಮನಸ್ಸಿನಿಂದ ಕೇಳುತ್ತಿದ್ದೇನೆ.

ನಿವೃತ್ತ ಮೇಷ್ಟ್ರು

ತಾಯಿ, ಮೊದಲು ಆ ವಚನವನ್ನು ಅದರ ಜಾಗದಲ್ಲಿ ಇಟ್ಟು ನೋಡಿ. ಸಮುವೇಲ ಅದನ್ನು ಯಾರಿಗೆ ಹೇಳಿದ? ರಾಜನಿಗೆ. ಅಧಿಕಾರ ಇದ್ದವನನ್ನು ತಡೆಯೋಕೆ ಬಂದ ಮಾತನ್ನು ಅಧಿಕಾರ ಇದ್ದವರೇ ನಿಮ್ಮ ಮೇಲೆ ಪ್ರಯೋಗಿಸಿದ್ದಾರೆ. ಅದು ಅನ್ಯಾಯ.

ಅಪೊಸ್ತಲರ ಕೃತ್ಯ 5:29ರಲ್ಲಿ ಯೇಸುವಿನ ಶಿಷ್ಯ ಪೇತ್ರನೂ ಉಳಿದವರೂ ಯೆಹೂದ್ಯರ ಹಿರಿಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರ ಮಾತನ್ನು ಕೇಳಬೇಕು ಅಂದರು. ಅವರನ್ನು ವಿಚಾರಣೆ ಮಾಡುತ್ತಿದ್ದವರು ಧರ್ಮದ ಮುಖಂಡರೇ. ದೇವರ ಮಾತು ಕೇಳುವುದು ಎಷ್ಟೋ ಸಲ ಹೊರಗಿನಿಂದ ಅವಿಧೇಯತೆಯ ಹಾಗೆ ಕಾಣುತ್ತದೆ.

ಫ್ರಾನ್ಸಿನ ಲೆ ಶಾಂಬೊನ್ ಅನ್ನುವ ಬೆಟ್ಟದ ಊರಿನ ಕಥೆ ಹೇಳುತ್ತೇನೆ. 1940ರ ಜೂನ್ 22ಕ್ಕೆ ಫ್ರಾನ್ಸ್ ಜರ್ಮನಿಯ ಜೊತೆ ಕದನವಿರಾಮಕ್ಕೆ ಸಹಿ ಹಾಕಿತು. ಮಾರನೇ ದಿನ ಭಾನುವಾರ. ಆ ಊರಿನ ಪಾಸ್ಟರ್ ಆಂದ್ರೆ ಟ್ರೊಕ್ಮೆ ಮತ್ತು ಅವರ ಜೊತೆಗಾರ ಎದುವಾರ್ ಟೈಸ್, ಸುವಾರ್ತೆಗೆ ವಿರುದ್ಧವಾದದ್ದನ್ನು ಮಾಡು ಅಂದರೆ ನಾವು ಮಾಡುವುದಿಲ್ಲ ಅಂತ ಸಭೆಗೆ ಸಾರಿದರು. ಮುಂದಿನ ನಾಲ್ಕು ವರ್ಷದಲ್ಲಿ ಆ ಊರೂ ಸುತ್ತಲಿನ ಹಳ್ಳಿಗಳೂ ಸೇರಿ ಸುಮಾರು 5,000 ಜನರನ್ನು ನಾಜಿಗಳ ಕೈಗೆ ಸಿಗದ ಹಾಗೆ ಬಚ್ಚಿಟ್ಟವು. ಅವರಲ್ಲಿ 3,000ಕ್ಕೂ ಹೆಚ್ಚು ಮಂದಿ ಯೆಹೂದ್ಯರು. ಬಾಗಿಲು ತಟ್ಟಿದವರನ್ನು ಒಳಗೆ ಬಿಟ್ಟುಕೊಂಡರು, ಮಕ್ಕಳನ್ನು ಶಾಲೆಗೆ ಸೇರಿಸಿದರು. ಟ್ರೊಕ್ಮೆಯ ಸಂಬಂಧಿ, ಡಾನಿಯೆಲ್ ಟ್ರೊಕ್ಮೆ ಅನ್ನುವ ಯುವಕ, ತಾನು ನೋಡಿಕೊಳ್ಳುತ್ತಿದ್ದ ಹುಡುಗರ ಜೊತೆಗೇ ಬಂಧಿತನಾಗಿ 1944ರಲ್ಲಿ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡ.

ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಅಂದಿರಿ. ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ನಾನು ನೋಡುವುದು ಒಂದನ್ನು. ಈ ವಿಧೇಯತೆಯ ಖರ್ಚು ಯಾರ ಮೇಲೆ ಬೀಳುತ್ತಿದೆ? ಲಾಭ ಯಾರಿಗೆ? ಯೇಸು ನಡುವಿಗೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಮೇಲೆ, ನಾನು ಮಾಡಿದ ಹಾಗೆ ನೀವೂ ಮಾಡಿ ಅಂದ. ಬಾಗಿ ತೊಳೆಯದವರು ಕಾಲು ಚಾಚಿಕೊಂಡು ವಿಧೇಯತೆ ಕೇಳಿದರೆ ಎದ್ದು ಬನ್ನಿ. ನೀವು ಎದ್ದು ಬಂದಿರಿ. ನನ್ನ ಕಣ್ಣಿಗೆ ಅದೇ ನಿಮ್ಮ ವಿಧೇಯತೆ.

ಬಾಗಿಲ ಹತ್ತಿರ

ಇದನ್ನು ಎರಡು ಸಲ ಓದಿದೆ. ಥ್ಯಾಂಕ್ಸ್ ಮೇಷ್ಟ್ರೇ.

ತಡವಾಗಿ ಬಂದವನು

ಎಲ್ಲರ ಉತ್ತರ ಓದಿದೆ. ಲೆಕ್ಕದ ಪುಸ್ತಕ ಅವರು "ಅವನ ಹೆಸರನ್ನು ತೆಗೆದುಕೊಂಡಿದ್ದೀರಿ" ಅಂದದ್ದು ನೆಟ್ಟಗೆ ಬಂದು ತಾಗಿತು. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಹಿಂಜರಿಕೆ ಇಷ್ಟೇ. ಎರಡು ವರ್ಷ ಆಗಿಹೋಯಿತು. ಅವನು ಮರೆತಿರಬಹುದು, ಬೇರೆ ಕಡೆ ಚೆನ್ನಾಗಿರಬಹುದು. ಈಗ ಹೋಗಿ ಹೇಳಿದರೆ ಏನು ಬಂತು?

ಹಿಂದಿನ ಬೆಂಚು

ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್ ಬಗ್ಗೆ ಗೊತ್ತಿರಬೇಕು ನಿಮಗೆ. 1748ರ ಮಾರ್ಚ್‌ನಲ್ಲಿ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ. ಆ ದಿನವನ್ನು ಜೀವನಪೂರ್ತಿ ನೆನಪಿಟ್ಟುಕೊಂಡ. ಎಲ್ಲರೂ ಹೇಳುವ ಸಾಕ್ಷಿ ಅದು. ಆದರೆ ಅದಾದ ಮೇಲೂ ಅವನು ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್ ಆಗಿದ್ದ. ಡೆಕ್ಕಿನ ಮೇಲೆ ಪ್ರಾರ್ಥನೆ, ಕೆಳಗೆ ಸರಪಳಿ ಹಾಕಿದ ಮನುಷ್ಯರು. 1754ರಲ್ಲಿ ಹಡಗು ಬಿಟ್ಟದ್ದೂ ಕಾಯಿಲೆ ಬಿದ್ದದ್ದರಿಂದ. 1764ರಲ್ಲಿ ಪಾದ್ರಿ ಆದ. ಕೃಪೆಯ ಬಗ್ಗೆ ಲೋಕವೆಲ್ಲ ಹಾಡುವ "ಅಮೇಜಿಂಗ್ ಗ್ರೇಸ್" ಹಾಡು ಬರೆದ. ಗುಲಾಮರ ವ್ಯಾಪಾರದ ವಿರುದ್ಧ ಬಾಯಿಬಿಟ್ಟು, ನಾನೂ ಅದರಲ್ಲಿ ಕೈ ಹಾಕಿದ್ದೆ ಅಂತ ಅಚ್ಚು ಹಾಕಿಸಿದ್ದು 1788ರಲ್ಲಿ. ಬಿರುಗಾಳಿಯಿಂದ ನಲವತ್ತು ವರ್ಷ.

ನಲವತ್ತು ವರ್ಷ ಆಯಿತು, ಇನ್ನೇನು ಬಂತು ಅಂತ ಅವನೂ ಅನ್ನಬಹುದಿತ್ತು. ಕಣ್ಣಾರೆ ಕಂಡದ್ದನ್ನು ಬರೆದ, ವಿಚಾರಣೆಗೆ ಕರೆದಾಗ ಹೋಗಿ ಹೇಳಿದ. 1807ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಆ ವ್ಯಾಪಾರ ನಿಲ್ಲಿಸುವ ಕಾನೂನು ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ.

ನನಗೆ ಅವನ ಮೇಲೆ ಪ್ರೀತಿಯೂ ಇದೆ, ಆ ನಲವತ್ತು ವರ್ಷದ ಬಗ್ಗೆ ಸಂಕಟವೂ ಇದೆ. ಅಷ್ಟು ವರ್ಷದಲ್ಲಿ ಎಷ್ಟು ಹಡಗು ಹೋದವು. ಎರಡೇ ವರ್ಷ ಅನ್ನುತ್ತಿದ್ದೀರಿ ನೀವು. ಹೋಗಿ ಅಣ್ಣಾ.

ಲೆಕ್ಕದ ಪುಸ್ತಕ

ಹೋಗುವ ಮುಂಚೆ ಎರಡು ಮಾತು. ನಾನು ಇಂಥದ್ದರಲ್ಲಿ ಒಂದು ಸಲ ಎಡವಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಮೊದಲ ಮೆಸೇಜಿನಲ್ಲೇ "ಕ್ಷಮಿಸಿಬಿಡು" ಅಂತ ಕೇಳಬೇಡಿ. ಹಾಗೆ ಕೇಳಿದರೆ ನಿಮ್ಮ ಭಾರವನ್ನು ಅವನ ತಲೆ ಮೇಲೆ ಇಟ್ಟ ಹಾಗೆ. ನಡೆದದ್ದನ್ನು ಹೇಳಿ, ನಿಮ್ಮದು ಎಷ್ಟೋ ಅಷ್ಟನ್ನು ಹೇಳಿ, ಸರಿಮಾಡೋಕೆ ನಾನು ಏನು ಮಾಡಲಿ ಅಂತ ಕೇಳಿ. ಆಮೇಲೆ ಸುಮ್ಮನಿರಿ. ಅವನು ಉತ್ತರ ಕೊಡದೇ ಇರಬಹುದು. ಆ ಹಕ್ಕು ಅವನಿಗಿದೆ.

ಮತ್ತೆ, ಸ್ನಾನಿಕನಾದ ಯೋಹಾನನ ಹತ್ತಿರ ಜನ ಬಂದು "ನಾವೇನು ಮಾಡಬೇಕು" ಅಂತ ಕೇಳಿದ್ದು ನೆನಪಿದೆಯಾ, ಲೂಕ 3? ಸುಂಕದವರಿಗೆ ನೇಮಕವಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಅಂದ. ಸಿಪಾಯಿಗಳಿಗೆ ಹೆದರಿಸಿ ಕಿತ್ತುಕೊಳ್ಳಬೇಡಿ, ಸಂಬಳದಲ್ಲಿ ತೃಪ್ತಿಪಡಿ ಅಂದ. ಅವರವರ ಕೆಲಸದ ಜಾಗದಲ್ಲೇ ಉತ್ತರ ಕೊಟ್ಟ. ನಿಮ್ಮದು ಆಫೀಸಿನಲ್ಲಿ ನಡೆದದ್ದು. ಸರಿಯಾಗಬೇಕಾದದ್ದೂ ಅಲ್ಲೇ ಇರಬಹುದು. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ತಡವಾಗಿ ಬಂದವನು

ಇವತ್ತು ಸಂಜೆ ಕಳಿಸಿದೆ. ಏಳು ಸಾಲು. ಓದಿದ್ದಾನೆ. ಉತ್ತರ ಇಲ್ಲ.

ಸಾಸಿವೆಕಾಳು

ಕಾಯೋಣ ಅಣ್ಣಾ. ಇಲ್ಲಿ ನಾನೂ ಒಬ್ಬರನ್ನು ಕೇಳಿದೆ. ಗುರುವಾರ ಬರುತ್ತೇನೆ ಅಂದಿದ್ದಾರೆ.

ತಡವಾಗಿ ಬಂದವನು

ಒಂಬತ್ತು ದಿನ ಆದ ಮೇಲೆ ಉತ್ತರ ಬಂತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. "ಸರ್, ಇದನ್ನು ಬರೆದು ಕೊಡುತ್ತೀರಾ? ಆಫೀಸಿಗೆ ಒಂದು, ನನಗೆ ಒಂದು ಪ್ರತಿ" ಅಂತ ಕೇಳಿದ. ಕೆಲಸಕ್ಕೆ ಅರ್ಜಿ ಹಾಕಿದ ಕಡೆಯೆಲ್ಲ ಹಳೇ ಆಫೀಸಿನಲ್ಲಿ ವಿಚಾರಿಸುತ್ತಾರಂತೆ, ಆ ಶೀಟಿನ ವಿಷಯ ಪ್ರತಿ ಸಲ ಎದ್ದು ಬರುತ್ತದಂತೆ. ನಾನು ಅವನು ಮರೆತಿರಬಹುದು ಅಂದುಕೊಂಡಿದ್ದೆ. ಎರಡು ವರ್ಷದಿಂದ ಅವನು ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದಾನೆ.

ಬರೆದು ಕೊಟ್ಟರೆ ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹೆಂಡತಿಗೆ ಎಲ್ಲಾ ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದು, "ನಿನ್ನ ಕೂಟದವರಿಗಿಂತ ಮೊದಲು ನನಗೆ ಹೇಳಬೇಕಿತ್ತು" ಅಂದಳು. ಆಮೇಲೆ ಕಾಗದ ತಂದು ಮುಂದೆ ಇಟ್ಟಳು.

ಮೂರು ಸಲ ಬರೆದು ಹರಿದು ಹಾಕಿದೆ. "ನಮ್ಮ ವಿಭಾಗದಲ್ಲಿ ತಪ್ಪಾಗಿತ್ತು" ಅಂತಲೇ ಪೆನ್ನು ಓಡುತ್ತದೆ.

ನಿವೃತ್ತ ಮೇಷ್ಟ್ರು

"ತಪ್ಪಾಯಿತು" ಅನ್ನುವುದು ನಮ್ಮ ಭಾಷೆಯಲ್ಲಿ ತುಂಬಾ ಸುಲಭದ ಮಾತು. ಮಳೆ ಬಂತು, ಹೊತ್ತಾಯಿತು, ತಪ್ಪಾಯಿತು. ಮಾಡಿದವನೇ ಅಲ್ಲಿಲ್ಲ. ಮನೆಯಲ್ಲಿ ದಿನನಿತ್ಯಕ್ಕೆ ಅದು ಸಾಕು. ಈ ಕಾಗದಕ್ಕೆ ಸಾಲದು. ದಾವೀದ 51ನೇ ಕೀರ್ತನೆಯಲ್ಲಿ ನನ್ನ ಪಾಪ, ನನ್ನ ದ್ರೋಹ ಅಂತ ಎಷ್ಟು ಸಲ "ನನ್ನ" ಅನ್ನುತ್ತಾನೆ ಎಣಿಸಿ ನೋಡಿ. ವಾಕ್ಯದಲ್ಲಿ "ನಾನು" ಇರಲಿ. ಕೊನೆಗೆ "ಮಾಡಿದೆ" ಇರಲಿ. ಅವನ ಹೆಸರು ಪೂರ್ತಿಯಾಗಿ, ಸರಿಯಾಗಿ ಇರಲಿ. ತಾರೀಖು ಹಾಕಿ.

ಕೃಪೆಯೊಂದೇ

ಬ್ರದರ್, ಇಷ್ಟು ದಿನ ಸುಮ್ಮನಿದ್ದು ಓದುತ್ತಿದ್ದೆ. ಮೊದಲ ದಿನ ನಿಮಗೆ ಬರೆದದ್ದರಲ್ಲಿ ಕೃಪೆಯ ಬಗ್ಗೆ ನಾನು ಹೇಳಿದ್ದನ್ನು ಇವತ್ತೂ ನಂಬುತ್ತೇನೆ. ಆದರೆ ಅದನ್ನು ಆ ಹುಡುಗನ ಕಡೆಯಿಂದ ಒಂದು ಸಲವೂ ಓದಿರಲಿಲ್ಲ. ಅವನು ನನ್ನ ಉತ್ತರ ಓದಿದ್ದರೆ ಅವನಿಗೆ ಹೇಗಿರುತ್ತಿತ್ತು ಅಂತ ಯೋಚನೆ ಮಾಡಿದೆ. ಇಸಾಕನ ಬೆಟ್ಟದ ಬಗ್ಗೆ ಮೇಷ್ಟ್ರು ಬರೆದದ್ದನ್ನೂ ಮತ್ತೆ ಓದಿದೆ.

ಯಾಕೋಬ 2:15-16ರಲ್ಲಿ ಬಟ್ಟೆ ಇಲ್ಲದೆ, ಊಟ ಇಲ್ಲದೆ ಇರುವವರಿಗೆ ಬೆಚ್ಚಗಿರಿ, ಹೊಟ್ಟೆ ತುಂಬ ಊಟ ಮಾಡಿ ಅಂತ ಬಾಯಲ್ಲಿ ಹೇಳಿ ಕಳಿಸುವವನು ಬರುತ್ತಾನೆ. ನಾನು ಹಾಗೆ ಹೇಳಿ ಹೋಗುವುದಿಲ್ಲ. ನಿಮ್ಮ ಕೆಲಸ ಹೋದರೆ ಮೂರು ತಿಂಗಳ ಮನೆಖರ್ಚು ನನ್ನದು. ನಾವು ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದೇವೆ, ಆಗುತ್ತದೆ. ನಾಲ್ಕನೇ ತಿಂಗಳಿಗೆ ಮತ್ತೆ ಮಾತಾಡೋಣ. ನನಗೆ ಇಲ್ಲೇ ಖಾಸಗಿಯಾಗಿ ಬರೆಯಿರಿ.

ರಾತ್ರಿಪಾಳಿ ನರ್ಸ್

ನಾಲ್ಕನೇ ತಿಂಗಳು ನನ್ನದು.

ತಡವಾಗಿ ಬಂದವನು

ಏನು ಹೇಳಬೇಕೋ ತಿಳಿಯುತ್ತಿಲ್ಲ. ಇಬ್ಬರಿಗೂ ಬರೆಯುತ್ತೇನೆ.

ಕಾಗದ ಮುಗಿಯಿತು. ಒಂದೇ ಪುಟ. ಎರಡು ಪ್ರತಿ ತೆಗೆದಿದ್ದೇನೆ. ಮೊದಲ ಸಾಲಿನಲ್ಲಿ ಅವನ ಪೂರ್ತಿ ಹೆಸರು ಇದೆ. ಎರಡನೇ ಸಾಲು ಹೀಗಿದೆ: "ಆ ಅಂಕಿಯನ್ನು ಹಾಕಿದವನು ನಾನು. ಅವರು ಕಳಿಸಿದ್ದು ನಾನು ಕೊಟ್ಟ ಶೀಟನ್ನು. ಇದು ಗೊತ್ತಿದ್ದೂ ನಾನು ಆ ಮೀಟಿಂಗ್‌ನಲ್ಲಿ ಸುಮ್ಮನೆ ಕೂತೆ."

ನಾಳೆ ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ಸಮಯ ಕೊಟ್ಟಿದ್ದಾರೆ. ಅದೇ ಕೋಣೆ.